ಮೂತ್ರನಾಳದ ಲೈಂಗಿಕ ಸೋಂಕು ಮತ್ತು ಆಂಟಿಬಯೋಟಿಕ್ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉರಿಮೂತ್ರ, ಜೊತೆಗೆ ಚಡ್ಡಿಗೆ ಅಂಟುವ ಕೀವು. ಇದು ಉಷ್ಣ ಅಲ್ಲವೇ?

ಉಷ್ಣಕ್ಕೆ ಕೀವು ಬರುವುದಿಲ್ಲ. ಬಿಸಿಲಲ್ಲಿ ಓಡಾಡಿ ನೀರು ಕಡಿಮೆ ಕುಡಿದರೆ ಮೂತ್ರ ಗಾಢ ಹಳದಿಯಾಗಿ ಸ್ವಲ್ಪ ಉರಿಯಬಹುದು. ಎರಡು ಎಳನೀರು ಕುಡಿದರೆ ಸಂಜೆಯೊಳಗೆ ಅದು ಇಳಿಯುತ್ತದೆ. ಶಿಶ್ನದ ತುದಿಯಿಂದ ಹಳದಿ, ಹಸಿರು ಅಥವಾ ಬಿಳಿ ದ್ರವ ಬರುತ್ತಿದ್ದರೆ, ಬೆಳಿಗ್ಗೆ ಎದ್ದಾಗ ತುದಿ ಅಂಟಿಕೊಂಡಿದ್ದರೆ, ಮೂತ್ರನಾಳದ ಒಳಪದರದಲ್ಲಿ ಉರಿಯೂತ ಆಗಿದೆ ಎಂದೇ ಲೆಕ್ಕ. ಲೈಂಗಿಕ ಸಂಪರ್ಕ ಇರುವ ವಯಸ್ಕ ಗಂಡಸರಲ್ಲಿ ಇದಕ್ಕೆ ಮೊದಲು ನೆನೆಯಬೇಕಾದ ಕಾರಣ ಲೈಂಗಿಕವಾಗಿ ಹರಡುವ ಸೋಂಕು.

ಬಾರ್ಲಿ ನೀರು, ಮೆಂತ್ಯದ ನೀರು, ಅಂಗಡಿಯಲ್ಲಿ ಸಿಗುವ ಸಿಟ್ರೇಟ್ ಸಿರಪ್ ಕುಡಿದರೆ ಉರಿ ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾಕ್ಕೆ ಅದರಿಂದ ಏನೂ ಆಗುವುದಿಲ್ಲ. ಉರಿ ಇಳಿದ ಸಮಾಧಾನದಲ್ಲಿ ಎರಡು ವಾರ ಕಳೆದುಹೋಗುತ್ತದೆ ಎಂಬುದೇ ಇದರ ತೊಂದರೆ.

ಧಾತು ಹೋಗುವುದು ಅಂದರೆ ಇದೇನಾ?

ಅಲ್ಲ. ಮಲವಿಸರ್ಜನೆಗೆ ತಿಣುಕುವಾಗ ಒಂದೆರಡು ಹನಿ ಅಂಟು ದ್ರವ ಬರುವುದು, ಉದ್ರೇಕವಾದಾಗ ತಿಳಿಯಾದ ದ್ರವ ಬರುವುದು, ನಿದ್ದೆಯಲ್ಲಿ ವೀರ್ಯ ಹೋಗುವುದು ಇವೆಲ್ಲ ಸಹಜ. ಕೀವು ಹಾಗಲ್ಲ, ಉದ್ರೇಕ ಇಲ್ಲದೆಯೂ ಬರುತ್ತದೆ, ಬಟ್ಟೆಯಲ್ಲಿ ಕಲೆ ಉಳಿಸುತ್ತದೆ, ಉರಿ ಅಥವಾ ನವೆಯನ್ನು ಜೊತೆಗೆ ತರುತ್ತದೆ. ಅನುಮಾನ ಇದ್ದರೆ ಒಂದು ಸ್ಲೈಡ್ ಪರೀಕ್ಷೆ (ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಸಾಕು. ಸೋಂಕಿಲ್ಲದವರು ಧಾತುವಿನ ಭಯಕ್ಕೆ ವರ್ಷಗಟ್ಟಲೆ ಔಷಧಿ ನುಂಗುವುದು, ಸೋಂಕಿರುವವರು ಧಾತು ಎಂದುಕೊಂಡು ಲೇಹ್ಯ ತಿನ್ನುವುದು, ಎರಡೂ ನಮ್ಮಲ್ಲಿ ನಡೆಯುತ್ತವೆ.

ಯಾವ ರೋಗಾಣುಗಳು? ಎಷ್ಟು ದಿನಕ್ಕೆ ಕಾಣಿಸಿಕೊಳ್ಳುತ್ತವೆ?

ಮುಖ್ಯವಾದವು ಮೂರು.

ಗನೋರಿಯಾದ ಬ್ಯಾಕ್ಟೀರಿಯಾವನ್ನು 1879ರಲ್ಲಿ ಆಲ್ಬರ್ಟ್ ನೈಸರ್ ಕಂಡುಹಿಡಿದ. ಗಂಡಸರಲ್ಲಿ ಸಾಮಾನ್ಯವಾಗಿ ಸಂಪರ್ಕದ 2ರಿಂದ 5 ದಿನಗಳಲ್ಲಿ ಲಕ್ಷಣ ಶುರುವಾಗುತ್ತದೆ, ಕೀವು ದಟ್ಟ, ಪ್ರಮಾಣವೂ ಹೆಚ್ಚು. ಕ್ಲಮೈಡಿಯಾ ನಿಧಾನ. ಒಂದರಿಂದ ಮೂರು ವಾರ ಹಿಡಿಯುತ್ತದೆ, ಸ್ರಾವ ತೆಳು, ಎಷ್ಟೋ ಜನರಿಗೆ ಲಕ್ಷಣವೇ ಇರುವುದಿಲ್ಲ. ಮೂರನೆಯದು ಮೈಕೋಪ್ಲಾಸ್ಮಾ ಜೆನಿಟೇಲಿಯಂ. ಇದಕ್ಕೆ ಕೋಶಭಿತ್ತಿಯೇ ಇಲ್ಲ, ಹಾಗಾಗಿ ಕೋಶಭಿತ್ತಿಯನ್ನು ಒಡೆದು ಕೊಲ್ಲುವ ಪೆನಿಸಿಲಿನ್, ಸೆಫಲೊಸ್ಪೊರಿನ್‌ಗಳಿಗೆ ಇದು ಜಗ್ಗುವುದಿಲ್ಲ. ಇವಲ್ಲದೆ ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ, ಹರ್ಪಿಸ್ ಮತ್ತು ಅಡಿನೊ ವೈರಸ್‌ಗಳೂ ಕಾರಣವಾಗಬಹುದು. ವೈರಸ್ ಇದ್ದರೆ ಯಾವ ಆಂಟಿಬಯೋಟಿಕ್ಕೂ ಪ್ರಯೋಜನವಿಲ್ಲ.

ಕೀವಿನ ಬಣ್ಣ ನೋಡಿ ರೋಗಾಣು ಹೇಳಬಹುದೆಂಬ ಧೈರ್ಯ ಬೇಡ. ಗನೋರಿಯಾ ಮತ್ತು ಕ್ಲಮೈಡಿಯಾ ಒಟ್ಟಿಗೇ ಇರುವುದು ಸಾಮಾನ್ಯ.

ಯಾವ ಪರೀಕ್ಷೆ? ಲ್ಯಾಬಿಗೆ ಮೂತ್ರ ಕೊಟ್ಟೆ, ಕಲ್ಚರ್‌ನಲ್ಲಿ ಏನೂ ಬರಲಿಲ್ಲ.

ಬರುವುದೂ ಇಲ್ಲ. ಸಾಮಾನ್ಯ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡುವುದು ಮೂತ್ರಕೋಶದ ಸೋಂಕಿಗೆ. ಆ ಮಾಧ್ಯಮದಲ್ಲಿ ಗನೋರಿಯಾ ಬೆಳೆಯುವುದಿಲ್ಲ, ಕ್ಲಮೈಡಿಯಾ ಜೀವಕೋಶದ ಒಳಗಲ್ಲದೆ ಬೇರೆಲ್ಲೂ ಬೆಳೆಯುವುದಿಲ್ಲ. "ನಾರ್ಮಲ್" ಎಂಬ ರಿಪೋರ್ಟ್ ಹಿಡಿದು ನೆಮ್ಮದಿಯಾಗಿ ಮನೆಗೆ ಹೋಗುವವರಿದ್ದಾರೆ.

ಬೇಕಾದ ಪರೀಕ್ಷೆಗಳು ಎರಡು. ಒಂದು, ಮೂತ್ರನಾಳದ ಸ್ರಾವದ ಗ್ರಾಂ ಸ್ಟೇನ್. ಸ್ಲೈಡಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೀವುಕಣಗಳ ಒಳಗೆ ಜೋಡಿ ಕಾಳುಗಳಂತೆ ಗನೋರಿಯಾ ಕಾಣುತ್ತದೆ. ಲಕ್ಷಣವಿರುವ ಗಂಡಸರಲ್ಲಿ ಇದು ಬಹಳ ನಂಬಿಕಸ್ಥ ಪರೀಕ್ಷೆ, ಖರ್ಚೂ ಕಡಿಮೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎರಡು, ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪಿಸಿಆರ್ ಮಾದರಿಯ ಪರೀಕ್ಷೆ. ಇದಕ್ಕೆ ಮೂತ್ರವೇ ಸಾಕು, ಆದರೆ ಕೊಡುವ ಕ್ರಮ ಬೇರೆ.

ಕೊನೆಯ ಪಕ್ಷ ಒಂದು ಗಂಟೆ, ಸಾಧ್ಯವಾದರೆ ಎರಡು ಗಂಟೆ, ಮೂತ್ರ ಮಾಡಿರಬಾರದು. ತುದಿಯನ್ನು ತೊಳೆಯಬೇಡಿ. ಮೊದಲು ಬರುವ 20ರಿಂದ 30 ಮಿ.ಲೀ. ಮಾತ್ರ ಡಬ್ಬಿಗೆ ಹಿಡಿಯಿರಿ, ಉಳಿದದ್ದು ಕಮೋಡಿಗೆ. ಮೂತ್ರಕೋಶದ ಸೋಂಕಿಗೆ "ಮೊದಲದ್ದು ಬಿಟ್ಟು ನಡುವಿನದು ಹಿಡಿಯಿರಿ" ಎನ್ನುತ್ತಾರಲ್ಲ, ಅದಕ್ಕೆ ಇದು ಪೂರ್ತಿ ತಿರುಗುಮುರುಗು. ಲ್ಯಾಬಿನವರು ಅಭ್ಯಾಸಬಲದಿಂದ ನಡುವಿನದು ಕೇಳಿದರೆ ಯಾವ ಪರೀಕ್ಷೆ ಎಂದು ತಿಳಿಸಿ. ಡಬ್ಬಿ ತುಂಬ ಹಿಡಿದರೆ ಮೂತ್ರನಾಳ ತೊಳೆದುಕೊಂಡು ಬಂದ ರೋಗಾಣು ತೆಳುವಾಗಿ ಪರೀಕ್ಷೆಗೆ ಸಿಗದೆ ಹೋಗಬಹುದು.

ಬಾಯಿ ಅಥವಾ ಗುದ ಸಂಪರ್ಕ ಇದ್ದರೆ ಅಲ್ಲಿಂದಲೂ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿದ ಸ್ಯಾಂಪಲ್) ತೆಗೆಯಬೇಕು. ಗಂಟಲಿನ ಗನೋರಿಯಾಕ್ಕೆ ಸಾಮಾನ್ಯವಾಗಿ ನೋವೂ ಇರುವುದಿಲ್ಲ.

ಮುಖ್ಯವಾದ ಮಾತೊಂದು: ಸ್ಯಾಂಪಲ್ ಮೊದಲು, ಮಾತ್ರೆ ಆಮೇಲೆ. ಸ್ಯಾಂಪಲ್ ಕೊಟ್ಟ ಮೇಲೆ ರಿಪೋರ್ಟಿಗೆ ಕಾಯದೆ ಅದೇ ದಿನ ಚಿಕಿತ್ಸೆ ಶುರು ಮಾಡಬಹುದು, ಮಾಡಬೇಕು ಕೂಡ.

ಈಗಿನ ಚಿಕಿತ್ಸೆ ಏನು?

ಗನೋರಿಯಾಕ್ಕೆ ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್, ಸ್ನಾಯುವಿಗೆ, ಒಂದೇ ಸಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2020ರ ಡಿಸೆಂಬರ್‌ನಿಂದ 500 ಮಿ.ಗ್ರಾಂ. ಎನ್ನುತ್ತದೆ (150 ಕೆ.ಜಿ. ಮತ್ತು ಅದಕ್ಕಿಂತ ಹೆಚ್ಚು ತೂಕದವರಿಗೆ 1 ಗ್ರಾಂ). ಬ್ರಿಟನ್‌ನಲ್ಲಿ 2019ರಿಂದ ಎಲ್ಲರಿಗೂ 1 ಗ್ರಾಂ. ಹಳೆಯ ಪುಸ್ತಕಗಳಲ್ಲಿರುವ 250 ಮಿ.ಗ್ರಾಂ. ಇಂದಿನ ಪ್ರತಿರೋಧದ (ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಿರುವುದರ) ಲೆಕ್ಕದಲ್ಲಿ ಸಾಲದೆ ಹೋಗಬಹುದಾದ ಅಳತೆ. ಗಂಟಲಿನ ಸೋಂಕಿಗಂತೂ ಅದನ್ನು ನಂಬುವುದು ಕಷ್ಟ.

ಕ್ಲಮೈಡಿಯಾ ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾಗದಿದ್ದರೆ ಇದರ ಜೊತೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., ದಿನಕ್ಕೆ ಎರಡು ಸಲ, 7 ದಿನ. ಗನೋರಿಯಾ ಅಲ್ಲದ ಮೂತ್ರನಾಳದ ಸೋಂಕಿಗೂ ಇದೇ ಡಾಕ್ಸಿಸೈಕ್ಲಿನ್ ಮೊದಲ ಆಯ್ಕೆ. ಮೊದಲು ಅಜಿತ್ರೊಮೈಸಿನ್ 1 ಗ್ರಾಂ ಒಂದೇ ಡೋಸ್ ಬಲು ಜನಪ್ರಿಯವಾಗಿತ್ತು. ಒಂದೇ ಸಲಕ್ಕೆ ಮುಗಿಯುವ ಮಾತ್ರೆ ಯಾರಿಗೆ ಬೇಡ? ಆದರೆ ಮೈಕೋಪ್ಲಾಸ್ಮಾ ಇದ್ದವರಲ್ಲಿ ಆ ಒಂದು ಡೋಸ್ ಅದನ್ನು ಕೊಲ್ಲದೆ ಪ್ರತಿರೋಧ ಕಲಿಸಿಬಿಡುತ್ತದೆ, ಗುದದ ಕ್ಲಮೈಡಿಯಾಕ್ಕೂ ಡಾಕ್ಸಿಸೈಕ್ಲಿನ್‌ನಷ್ಟು ಕೆಲಸ ಮಾಡುವುದಿಲ್ಲ. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ. ಅವರ ಕ್ಲಮೈಡಿಯಾಕ್ಕೆ ಅಜಿತ್ರೊಮೈಸಿನ್ 1 ಗ್ರಾಂ ಇಂದಿಗೂ ಸರಿಯಾದ ಔಷಧಿ.

ಟ್ರೈಕೊಮೊನಾಸ್ ಸಿಕ್ಕರೆ ಮೆಟ್ರೊನಿಡಜೋಲ್: ಗಂಡಸರಿಗೆ 2 ಗ್ರಾಂ ಒಂದೇ ಸಲ, ಹೆಂಗಸರಿಗೆ 500 ಮಿ.ಗ್ರಾಂ. ದಿನಕ್ಕೆ ಎರಡು ಸಲ 7 ದಿನ.

ಸರ್ಕಾರಿ ಆಸ್ಪತ್ರೆಯಲ್ಲಿ ಬೂದು ಬಣ್ಣದ ಪೊಟ್ಟಣ ಕೊಟ್ಟರು. ಇಂಜೆಕ್ಷನ್ ಕೊಡಲಿಲ್ಲವಲ್ಲ?

ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದ ಕಿಟ್ 1. ಒಳಗೆ ಸೆಫಿಕ್ಸಿಮ್ 400 ಮಿ.ಗ್ರಾಂ. ಮತ್ತು ಅಜಿತ್ರೊಮೈಸಿನ್ 1 ಗ್ರಾಂ. ಎರಡನ್ನೂ ಒಂದೇ ಸಲ, ಸಾಧ್ಯವಾದರೆ ಸಿಬ್ಬಂದಿಯ ಎದುರೇ, ನುಂಗಬೇಕು. ಲಕ್ಷಣ ನೋಡಿ ಗನೋರಿಯಾ, ಕ್ಲಮೈಡಿಯಾ ಎರಡಕ್ಕೂ ಒಟ್ಟಿಗೆ ಔಷಧಿ ಕೊಡುವ ಪದ್ಧತಿ ಇದು. ಪಿಸಿಆರ್ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿ ಮತ್ತೆ ಬರುತ್ತಾನೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಇದಕ್ಕೆ ಅರ್ಥವಿದೆ. ಬಣ್ಣ ಗಮನಿಸಿ: ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಕಿಟ್‌ಗಳು ಬೇರೆ ರೋಗಗಳಿಗೆ. ಗೆಳೆಯನ ಹತ್ತಿರ ಉಳಿದ ಕಿಟ್ ನಿಮಗಲ್ಲ.

ಆದರೆ ಬಾಯಿಯ ಸೆಫಿಕ್ಸಿಮ್ ಇಂಜೆಕ್ಷನ್ನಿನಷ್ಟು ಬಲವಾಗಿ, ಅಷ್ಟು ಹೊತ್ತು ರಕ್ತದಲ್ಲಿ ನಿಲ್ಲುವುದಿಲ್ಲ. ಗಂಟಲಿನ ಗನೋರಿಯಾಕ್ಕೆ ಅದು ಸಾಲದು. ಅಮೆರಿಕದಲ್ಲಿ 2012ರಲ್ಲಿ ಇದನ್ನು ಮೊದಲ ಆಯ್ಕೆಯಿಂದ ತೆಗೆದರು. ಇಂಜೆಕ್ಷನ್ ಸಾಧ್ಯವೇ ಇಲ್ಲದಿದ್ದರೆ ಈಗ ಅಲ್ಲಿ ಹೇಳುವ ಅಳತೆ 800 ಮಿ.ಗ್ರಾಂ. ಕಿಟ್ ತೆಗೆದುಕೊಂಡು ನಾಲ್ಕೈದು ದಿನವಾದರೂ ಕೀವು ನಿಲ್ಲದಿದ್ದರೆ ಅದೇ ಕಿಟ್ ಇನ್ನೊಮ್ಮೆ ಕೇಳಬೇಡಿ, ಇಂಜೆಕ್ಷನ್ ಮತ್ತು ಕಲ್ಚರ್ ಕೇಳಿ.

ಇಂಜೆಕ್ಷನ್ ತುಂಬಾ ನೋಯುತ್ತದಂತೆ?

ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿ ಸ್ನಾಯುವಿಗೆ ಕೊಟ್ಟರೆ ನೋವು ಜೋರು. 1 ಗ್ರಾಂ ಪುಡಿಯನ್ನು ಸುಮಾರು 3.5 ಮಿ.ಲೀ.ನಷ್ಟು, ಜಾಗವನ್ನು ಮರಗಟ್ಟಿಸುವ 1% ಲಿಗ್ನೊಕೇನ್‌ನಲ್ಲಿ ಕರಗಿಸಿ ಪೃಷ್ಠದ ಸ್ನಾಯುವಿನ ಆಳಕ್ಕೆ ನಿಧಾನವಾಗಿ ಕೊಟ್ಟರೆ ತಡೆದುಕೊಳ್ಳುವಷ್ಟಿರುತ್ತದೆ. ವಯಲ್ ಜೊತೆ ಪೆಟ್ಟಿಗೆಯಲ್ಲಿ ನೀರಿನ ಆಂಪೂಲ್ ಮಾತ್ರ ಬಂದಿದ್ದರೆ ಲಿಗ್ನೊಕೇನ್ ಇದೆಯೇ ಎಂದು ಕೇಳಬಹುದು. ಲಿಗ್ನೊಕೇನ್ ಸೇರಿಸಿದ ಮದ್ದು ಯಾವ ಕಾರಣಕ್ಕೂ ರಕ್ತನಾಳಕ್ಕೆ ಹೋಗಬಾರದು, ಹೃದಯದ ಬಡಿತ ಏರುಪೇರಾಗುತ್ತದೆ. ಲಿಗ್ನೊಕೇನ್ ಅಲರ್ಜಿ ಇದ್ದವರು ಮೊದಲೇ ತಿಳಿಸಬೇಕು. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತು ಹೊರಡಿ. ತುಟಿ ಊದುವುದು, ಮೈ ದದ್ದು, ಉಸಿರು ಕಟ್ಟುವುದು ಆದರೆ ಚಿಕಿತ್ಸೆ ಕೈಗೆಟುಕುವ ಜಾಗದಲ್ಲಿರಬೇಕು.

ಪೆನಿಸಿಲಿನ್ ಅಲರ್ಜಿ ಇದೆ. ಸೆಫ್ಟ್ರಯಾಕ್ಸೋನ್ ತಗೋಬಹುದಾ?

ಹೆಚ್ಚಿನವರು ತೆಗೆದುಕೊಳ್ಳಬಹುದು. ಎರಡರ ಅಣುವಿನ ಪಕ್ಕದ ಸರಪಳಿ ಬೇರೆಯಾದ್ದರಿಂದ ಅಲರ್ಜಿ ದಾಟುವುದು ಅಪರೂಪ. ಆದರೆ ಹಿಂದೆ ಉಸಿರುಗಟ್ಟಿ ಆಸ್ಪತ್ರೆ ಸೇರಿದ್ದರೆ, ಚರ್ಮ ಸುಲಿದಿದ್ದರೆ, ವೈದ್ಯರಿಗೆ ಅದನ್ನು ಹೇಳದೆ ಕೈ ಚಾಚಬೇಡಿ. ಸೆಫಲೊಸ್ಪೊರಿನ್‌ಗೇ ಅಲರ್ಜಿ ಇದ್ದರೆ ಜೆಂಟಾಮೈಸಿನ್ 240 ಮಿ.ಗ್ರಾಂ. ಸ್ನಾಯುವಿಗೆ, ಜೊತೆಗೆ ಅಜಿತ್ರೊಮೈಸಿನ್ 2 ಗ್ರಾಂ ಬಾಯಿಗೆ ಎಂಬ ದಾರಿ ಇದೆ. ಹೊಟ್ಟೆ ತೊಳಸುವುದಂತೂ ಗ್ಯಾರಂಟಿ.

ಮೆಡಿಕಲ್ ಶಾಪಿನಲ್ಲಿ "ಯೂರಿನ್ ಇನ್‌ಫೆಕ್ಷನ್ ಮಾತ್ರೆ" ಕೊಟ್ಟರು, ಎರಡು ದಿನದಲ್ಲಿ ಕಡಿಮೆಯಾಯಿತು. ಸಾಕಲ್ಲ?

ಸಾಲದು. ಅಂಗಡಿಯಲ್ಲಿ ಕೈಗೆ ಬರುವುದು ಹೆಚ್ಚಾಗಿ ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಒಫ್ಲಾಕ್ಸಸಿನ್ ಜೊತೆ ಆರ್ನಿಡಜೋಲ್, ಇಲ್ಲವೇ ನೈಟ್ರೊಫ್ಯುರಾಂಟಾಯಿನ್. ನೈಟ್ರೊಫ್ಯುರಾಂಟಾಯಿನ್ ಮೂತ್ರದಲ್ಲಿ ಮಾತ್ರ ಸೇರಿಕೊಳ್ಳುತ್ತದೆ, ಮೂತ್ರನಾಳದ ಅಂಗಾಂಶಕ್ಕೆ ತಲುಪುವುದಿಲ್ಲ. ಫ್ಲಾಕ್ಸಸಿನ್ ಗುಂಪಿಗೆ ಗನೋರಿಯಾ ಎಂದೋ ಒಗ್ಗಿಹೋಗಿದೆ. ಅಮೆರಿಕದಲ್ಲಿ 2007ರಲ್ಲೇ ಗನೋರಿಯಾಕ್ಕೆ ಅದನ್ನು ಬಿಟ್ಟರು.

ಗನೋರಿಯಾದ ಚರಿತ್ರೆಯೇ ಹೀಗೆ. 1930ರ ದಶಕದಲ್ಲಿ ಸಲ್ಫಾ ಬಂತು, ಕೆಲವೇ ವರ್ಷಗಳಲ್ಲಿ ಸೋತಿತು. ಪೆನಿಸಿಲಿನ್ ಬಂತು, ಡೋಸ್ ಏರಿಸುತ್ತಾ ಹೋದರು, 1976ರಲ್ಲಿ ಅದನ್ನು ಒಡೆದುಹಾಕುವ ಕಿಣ್ವವನ್ನೇ ಹೊತ್ತ ತಳಿ ಕಾಣಿಸಿಕೊಂಡಿತು. ಸೆಫ್ಟ್ರಯಾಕ್ಸೋನ್‌ಗೆ ಬಲವಾಗಿ ಎದುರುನಿಂತ ತಳಿ ಜಪಾನಿನ ಕ್ಯೋಟೊದಲ್ಲಿ 2009ರಲ್ಲಿ ಸಿಕ್ಕಿತು. 2018ರಲ್ಲಿ ಬ್ರಿಟನ್‌ನ ಒಬ್ಬರಿಗೆ ಸೆಫ್ಟ್ರಯಾಕ್ಸೋನ್, ಅಜಿತ್ರೊಮೈಸಿನ್ ಎರಡೂ ನಾಟದೆ ರಕ್ತನಾಳದ ಮೂಲಕ ಎರ್ಟಪೆನೆಮ್ ಎಂಬ ಇನ್ನೊಂದು ಆಂಟಿಬಯೋಟಿಕ್ ಕೊಡಬೇಕಾಯಿತು. ಕೌಂಟರಿನ ನಾಲ್ಕು ಮಾತ್ರೆ ಈ ಬ್ಯಾಕ್ಟೀರಿಯಾಕ್ಕೆ ಪಾಠ ಹೇಳಿಕೊಟ್ಟಂತೆ.

ಸೆಫಿಕ್ಸಿಮ್, ಸೆಫ್ಟ್ರಯಾಕ್ಸೋನ್ ಎರಡೂ ಬಿಗಿ ನಿಯಂತ್ರಣವಿರುವ ಔಷಧಿಗಳ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಬೇಕು, ಅಂಗಡಿಯವರು ವಿವರವನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ಲಕ್ಷಣ ಇಳಿದದ್ದು ಏಕೆ ಎಂದರೆ, ಔಷಧಿ ಬ್ಯಾಕ್ಟೀರಿಯಾದ ಸಂಖ್ಯೆಯನ್ನು ತಗ್ಗಿಸಿದ್ದರಿಂದ. ಏನೂ ತೆಗೆದುಕೊಳ್ಳದಿದ್ದರೂ ಕೆಲವರಲ್ಲಿ ಕೆಲವು ವಾರಗಳಲ್ಲಿ ಕೀವು ತಾನಾಗಿ ಕಡಿಮೆಯಾಗುತ್ತದೆ. ಆಗಲೂ ಸೋಂಕು ದಾಟಿಸುವ ಶಕ್ತಿ ಉಳಿದಿರುತ್ತದೆ.

ಡಾಕ್ಸಿಸೈಕ್ಲಿನ್ ನುಂಗಿದ ಮೇಲೆ ಎದೆ ನಡುವೆ ಉರಿ, ನುಂಗಲು ಕಷ್ಟ.

ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಅಲ್ಲೇ ಕರಗಿ ಹುಣ್ಣು ಮಾಡಿದೆ. ಮಲಗುವ ಮುಂಚೆ ಒಂದು ಗುಟುಕು ನೀರಿನಲ್ಲಿ ನುಂಗಿದವರಿಗೆ ಹೀಗಾಗುವುದು. ಊಟದ ಜೊತೆ, ದೊಡ್ಡ ಲೋಟ ತುಂಬ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಕೂತಿರಿ ಅಥವಾ ಓಡಾಡಿ. ರಾತ್ರಿಯ ಡೋಸನ್ನು ಊಟಕ್ಕೇ ಹೊಂದಿಸಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಔಷಧಿಯನ್ನು ಹೀರಿಕೊಳ್ಳಗೊಡುವುದಿಲ್ಲ, ಅವಕ್ಕೂ ಇದಕ್ಕೂ ಎರಡು ಮೂರು ಗಂಟೆ ಅಂತರ ಬೇಕು. ಹಾಲಿನ ಜೊತೆಗೂ ಬೇಡ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಹೊಲದಲ್ಲಿ, ಬೈಕಿನ ಮೇಲೆ ದಿನವಿಡೀ ಇರುವವರು ತೋಳು ಮುಚ್ಚುವ ಅಂಗಿ ಹಾಕಿ.

ಒಂದು ಡೋಸ್ ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ, ಮುಂದಿನದರ ಹೊತ್ತಾಗಿದ್ದರೆ ಎರಡನ್ನು ಒಟ್ಟಿಗೆ ನುಂಗಬೇಡಿ. ಮೂರನೇ ದಿನ ಆರಾಮಾಗಿ ಉಳಿದ ಎಂಟು ಮಾತ್ರೆ ಡ್ರಾಯರ್ ಸೇರುವುದು ಚಿಕಿತ್ಸೆ ಸೋಲುವ ಬಹು ಸಾಮಾನ್ಯ ಕಾರಣ. ಕ್ಲಮೈಡಿಯಾ ಜೀವಕೋಶದ ಒಳಗೆ ಎರಡು ಮೂರು ದಿನದ ಸುತ್ತಿನಲ್ಲಿ ಬೆಳೆಯುತ್ತದೆ, ಎಲ್ಲ ಸುತ್ತೂ ಔಷಧಿಯ ಕೈಗೆ ಸಿಗಲು ಏಳು ದಿನ ಬೇಕು.

ಅಜಿತ್ರೊಮೈಸಿನ್ ನುಂಗಿದ ಒಂದು ಗಂಟೆಯೊಳಗೆ ವಾಂತಿಯಾದರೆ ವೈದ್ಯರಿಗೆ ತಿಳಿಸಿ. ಡೋಸ್ ಮತ್ತೆ ಬೇಕಾಗಬಹುದು.

ಹೆಂಡತಿಗೆ ಏನೂ ತೊಂದರೆ ಇಲ್ಲ. ಅವಳಿಗೂ ಔಷಧಿ ಯಾಕೆ?

ತೊಂದರೆ ಕಾಣದಿರುವುದೇ ಇಲ್ಲಿನ ತೊಂದರೆ. ಹೆಂಗಸರಲ್ಲಿ ಈ ಸೋಂಕುಗಳು ಗರ್ಭಕಂಠದಲ್ಲಿ ಸದ್ದಿಲ್ಲದೆ ಕೂರುತ್ತವೆ. ಅಲ್ಲಿಂದ ಗರ್ಭಕೋಶ, ಅಂಡನಾಳಕ್ಕೆ ಏರಿದರೆ ಕಿಬ್ಬೊಟ್ಟೆ ನೋವು, ಬಂಜೆತನ, ಅಂಡನಾಳದಲ್ಲೇ ಗರ್ಭ ನಿಲ್ಲುವ ಅಪಾಯ. ಹೆರಿಗೆ ಹೊತ್ತಿನಲ್ಲಿ ಸೋಂಕಿದ್ದರೆ ಮಗುವಿನ ಕಣ್ಣಿಗೆ ತಗಲಬಹುದು. ಅವರಿಗೆ ಔಷಧಿ ಆಗದಿದ್ದರೆ ನಿಮಗೆ ಅದೇ ಸೋಂಕು ವಾಪಸ್ ಬರುತ್ತದೆ, ಆಮೇಲೆ "ಔಷಧಿ ನಾಟಲಿಲ್ಲ" ಎಂದು ಇನ್ನೊಂದು ಆಸ್ಪತ್ರೆಗೆ ಓಡುತ್ತೀರಿ.

ಲಕ್ಷಣ ಶುರುವಾಗುವ ಹಿಂದಿನ 60 ದಿನಗಳಲ್ಲಿ ಸಂಪರ್ಕವಿದ್ದ ಎಲ್ಲರಿಗೂ ತಿಳಿಸಬೇಕು. ಅದಕ್ಕೂ ಹಿಂದೆ ಮಾತ್ರ ಸಂಪರ್ಕ ಇದ್ದರೆ ಕೊನೆಯವರಿಗೆ. ಹೇಳುವುದು ಸುಲಭವಲ್ಲ. ಆದರೂ "ಇದು ವಿಟಮಿನ್" ಎಂದು ಸುಳ್ಳು ಹೇಳಿ ನುಂಗಿಸುವುದು ತಪ್ಪು, ಅಪಾಯವೂ ಹೌದು: ಅವರಿಗೆ ಅಲರ್ಜಿ ಇರಬಹುದು, ಗರ್ಭಿಣಿಯಾಗಿರಬಹುದು. ಬಾಯಿಬಿಡಲು ಆಗದಿದ್ದರೆ ಆಪ್ತಸಮಾಲೋಚಕರ ಸಹಾಯ ಕೇಳಿ. ಇನ್ನೊಂದು ಮಾತು, ಕ್ಲಮೈಡಿಯಾ ಲಕ್ಷಣವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲದು. ಯಾರಿಂದ ಯಾರಿಗೆ ಬಂತು ಎಂಬುದನ್ನು ರಿಪೋರ್ಟ್ ನೋಡಿ ತೀರ್ಮಾನಿಸಲಾಗದು.

ಎಷ್ಟು ದಿನ ಸಂಪರ್ಕ ಬಿಡಬೇಕು? ಕುಡಿಯಬಹುದಾ?

ಒಂದೇ ಡೋಸಿನ ಚಿಕಿತ್ಸೆಯಾದರೆ ಅದಾಗಿ 7 ದಿನ, ಏಳು ದಿನದ ಕೋರ್ಸ್ ಆದರೆ ಅದು ಮುಗಿಯುವ ತನಕ. ಲಕ್ಷಣ ಹೋಗಿರಬೇಕು, ಸಂಗಾತಿಯ ಚಿಕಿತ್ಸೆಯೂ ಮುಗಿದಿರಬೇಕು. ಇಬ್ಬರಲ್ಲಿ ತಡವಾಗಿ ಔಷಧಿ ತೆಗೆದುಕೊಂಡವರ ದಿನದಿಂದ ಎಣಿಸಿ.

ಸೆಫ್ಟ್ರಯಾಕ್ಸೋನ್‌ಗೂ ಒಂದು ಬಿಯರ್‌ಗೂ ದೊಡ್ಡ ಜಗಳವಿಲ್ಲ. ಕುಡಿತದಿಂದ ಮಾತ್ರೆ ಮರೆಯುವುದು, ಏಳು ದಿನದ ನಿಯಮ ಮುರಿಯುವುದು ನಿಜವಾದ ನಷ್ಟ. ಮೆಟ್ರೊನಿಡಜೋಲ್ ಜೊತೆ ಮದ್ಯ ಸೇರಿದರೆ ವಾಂತಿ ಎಂಬ ಹಳೆಯ ಎಚ್ಚರಿಕೆಗೆ ಗಟ್ಟಿ ಆಧಾರವಿಲ್ಲವೆಂದು ಈಚಿನ ಮಾರ್ಗಸೂಚಿಗಳು ಹೇಳುತ್ತವೆ, ಲೇಬಲ್‌ಗಳ ಮೇಲೆ ಅದು ಇನ್ನೂ ಇದೆ.

ಔಷಧಿ ಪೂರ್ತಿ ಮುಗಿಸಿದರೂ ಬೆಳಿಗ್ಗೆ ಒಂದು ಹನಿ ಬರುತ್ತದೆ.

ಮೊದಲು, ಹಿಂಡಿ ನೋಡುವುದನ್ನು ನಿಲ್ಲಿಸಿ. ದಿನಕ್ಕೆ ಹತ್ತು ಸಲ ಒತ್ತಿ ನೋಡಿದರೆ ಸೋಂಕಿಲ್ಲದ ಮೂತ್ರನಾಳವೂ ಕೆರಳಿ ದ್ರವ ಬಿಡುತ್ತದೆ.

ನಿಜವಾಗಿಯೂ ಸ್ರಾವ ಇದ್ದರೆ ವೈದ್ಯರು ಕೇಳುವ ಪ್ರಶ್ನೆಗಳು ಹೀಗಿರುತ್ತವೆ. ಮಾತ್ರೆ ಎಲ್ಲ ಮುಗಿಸಿದಿರಾ? ಮಧ್ಯೆ ಸಂಪರ್ಕ ಆಯಿತಾ? ಸಂಗಾತಿಗೆ ಔಷಧಿ ಆಯಿತಾ? ಮೂರಕ್ಕೂ ಉತ್ತರ ಸರಿಯಿದ್ದು ಸ್ಲೈಡ್‌ನಲ್ಲಿ ಕೀವುಕಣ ಕಂಡರೆ (ಮೂತ್ರನಾಳದ ಸ್ವಾಬ್‌ನಲ್ಲಿ ಪ್ರತಿ ಆಯಿಲ್ ಇಮ್ಮರ್ಶನ್ ಫೀಲ್ಡಿಗೆ, ಅಂದರೆ ಸೂಕ್ಷ್ಮದರ್ಶಕದ ಬಹಳ ಹಿಗ್ಗಿಸಿದ ಒಂದು ನೋಟಕ್ಕೆ, ಎರಡು ಅಥವಾ ಹೆಚ್ಚು) ಮೈಕೋಪ್ಲಾಸ್ಮಾ, ಟ್ರೈಕೊಮೊನಾಸ್ ಹುಡುಕಬೇಕು. ಮೈಕೋಪ್ಲಾಸ್ಮಾ ಸಿಕ್ಕಿ ಪ್ರತಿರೋಧ ಪರೀಕ್ಷೆ ಇಲ್ಲದಿದ್ದರೆ ಡಾಕ್ಸಿಸೈಕ್ಲಿನ್ 7 ದಿನ, ಬೆನ್ನಿಗೇ ಮಾಕ್ಸಿಫ್ಲಾಕ್ಸಸಿನ್ 400 ಮಿ.ಗ್ರಾಂ. ದಿನಕ್ಕೊಂದು 7 ದಿನ. ಮೊದಲನೆಯದು ಸಂಖ್ಯೆ ತಗ್ಗಿಸುತ್ತದೆ, ಎರಡನೆಯದು ಮುಗಿಸುತ್ತದೆ. ಮಾಕ್ಸಿಫ್ಲಾಕ್ಸಸಿನ್ ಸ್ನಾಯುರಜ್ಜು ಹರಿಯುವ, ಹೃದಯದ ಲಯ ಕೆಡಿಸುವ ಸಾಧ್ಯತೆ ಇರುವ ಔಷಧಿ, ಊಹೆಯ ಮೇಲೆ ಕೊಡುವಂಥದ್ದಲ್ಲ.

ಸೆಫ್ಟ್ರಯಾಕ್ಸೋನ್ ಆದ ಮೂರರಿಂದ ಐದು ದಿನಕ್ಕೂ ಗನೋರಿಯಾ ಕೀವು ನಿಲ್ಲದಿದ್ದರೆ ಕಲ್ಚರ್ ಮತ್ತು ಔಷಧಿ ಸಂವೇದನಾ ಪರೀಕ್ಷೆ (ಯಾವ ಔಷಧಿಗೆ ಜಗ್ಗುತ್ತದೆ ಎಂದು ನೋಡುವುದು) ಆಗಲೇಬೇಕು. ಗನೋರಿಯಾ ಬಲು ಸೂಕ್ಷ್ಮ ಜೀವಿ. ಸ್ವಾಬ್ ಒಣಗಿದರೆ, ಫ್ರಿಜ್‌ನಲ್ಲಿಟ್ಟರೆ ಸಾಯುತ್ತದೆ. ಹಾಗಾಗಿ ಲ್ಯಾಬ್ ಇರುವ ವೈದ್ಯಕೀಯ ಕಾಲೇಜಿಗೇ ಹೋಗಿ ಸ್ಯಾಂಪಲ್ ಕೊಡುವುದು ಒಳ್ಳೆಯದು.

ಮತ್ತೆ ಪರೀಕ್ಷೆ ಯಾವಾಗ?

ಮೂರು ತಿಂಗಳಿಗೆ. ಗಂಟಲಿನ ಗನೋರಿಯಾ ಇದ್ದವರಿಗೆ 7ರಿಂದ 14 ದಿನಕ್ಕೂ ಒಂದು. ಕ್ಲಮೈಡಿಯಾಕ್ಕೆ ನಾಲ್ಕು ವಾರದೊಳಗೆ ಪಿಸಿಆರ್ ಮಾಡಿಸಿದರೆ ಸತ್ತ ಬ್ಯಾಕ್ಟೀರಿಯಾದ ಚೂರುಗಳೇ ಪಾಸಿಟಿವ್ ತೋರಿಸಿ ಗಾಬರಿ ಮಾಡುತ್ತವೆ.

ಎಚ್‌ಐವಿ ಪರೀಕ್ಷೆಯೂ ಬೇಕೆಂದರು. ಯಾಕೆ?

ಬಂದ ದಾರಿ ಒಂದೇ ಆದ್ದರಿಂದ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮೂರನ್ನೂ ನೋಡಬೇಕು. ಉರಿಯೂತ ಇರುವಾಗ ಎಚ್‌ಐವಿ ತಗಲುವ, ಹರಡುವ ಸಾಧ್ಯತೆಯೂ ಹೆಚ್ಚು. ಮೊದಲ ರಿಪೋರ್ಟ್ ನೆಗೆಟಿವ್ ಬಂದರೂ ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಿ. ಗನೋರಿಯಾದ ಔಷಧಿಯಿಂದ ಸಿಫಿಲಿಸ್ ವಾಸಿಯಾಯಿತೆಂದು ಎಣಿಸಬೇಡಿ.

ಯಾವಾಗ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು?

ಒಂದು ವೃಷಣ ಇದ್ದಕ್ಕಿದ್ದಂತೆ ವಿಪರೀತ ನೋಯತೊಡಗಿದರೆ. ಅದು ಸೋಂಕಿನ ಊತವೂ ಇರಬಹುದು, ವೃಷಣ ತಿರುಚಿಕೊಂಡದ್ದೂ ಇರಬಹುದು. ತಿರುಚಿದ್ದರೆ ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ವೃಷಣ ಉಳಿಯುವುದು ಕಷ್ಟ. ಜ್ವರದ ಜೊತೆ ಕೀಲು ಊದಿ ಚರ್ಮದಲ್ಲಿ ಕೀವುಗುಳ್ಳೆ ಎದ್ದರೆ ಗನೋರಿಯಾ ರಕ್ತಕ್ಕೆ ಸೇರಿರಬಹುದು. ಮೂತ್ರ ಕಟ್ಟಿಹೋದರೂ ತಡಮಾಡಬೇಡಿ. ಕೀವು ಮುಟ್ಟಿದ ಕೈ ಕಣ್ಣಿಗೆ ತಾಗಿ ಕಣ್ಣು ಕೆಂಪಾಗಿ ಕೀವು ಸುರಿದರೂ ಅದೇ ದಿನ ಕಣ್ಣಿನ ವೈದ್ಯರನ್ನು ನೋಡಿ.

ಸಂಪರ್ಕದ ಮರುದಿನ ಒಂದು ಮಾತ್ರೆ ನುಂಗಿದರೆ ರೋಗವೇ ಬರುವುದಿಲ್ಲವಂತೆ?

ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ. ಅನ್ನು 72 ಗಂಟೆಯೊಳಗೆ ನುಂಗುವ ಕ್ರಮವನ್ನು ಅಮೆರಿಕ 2024ರಲ್ಲಿ ಗೊತ್ತಾದ ಗುಂಪಿಗೆ ಸೂಚಿಸಿತು: ಗಂಡಸರೊಂದಿಗೆ ಸಂಪರ್ಕವಿರುವ ಗಂಡಸರು ಮತ್ತು ಟ್ರಾನ್ಸ್ ಮಹಿಳೆಯರಲ್ಲಿ, ಕಳೆದ ಒಂದು ವರ್ಷದಲ್ಲಿ ಇಂಥ ಸೋಂಕು ಆಗಿದ್ದವರಿಗೆ. ಸಿಫಿಲಿಸ್, ಕ್ಲಮೈಡಿಯಾವನ್ನು ಅದು ಚೆನ್ನಾಗಿ ತಡೆಯುತ್ತದೆ, ಗನೋರಿಯಾವನ್ನು ಅಷ್ಟಾಗಿ ಅಲ್ಲ. ಮನಸ್ಸಿಗೆ ಬಂದಾಗ ಎರಡು ಅಜಿತ್ರೊಮೈಸಿನ್ ನುಂಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಯಾರಿಗೂ ಗೊತ್ತಾಗದಂತೆ ಎಲ್ಲಿ ತೋರಿಸಬಹುದು?

ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಪರೀಕ್ಷೆ, ಆಪ್ತಸಮಾಲೋಚನೆ, ಔಷಧಿ ಉಚಿತ. ಖಾಸಗಿಯಾದರೆ ಚರ್ಮ ಮತ್ತು ಗುಹ್ಯರೋಗ ತಜ್ಞರು. ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು ಎಂದು 2017ರ ಕಾಯ್ದೆಯೇ ಹೇಳುತ್ತದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಕರೆ ಮಾಡಿ, ಕರೆ ಉಚಿತ. ಹೋಗುವಾಗ ಎರಡು ಗಂಟೆ ಮೂತ್ರ ತಡೆದುಕೊಂಡು ಹೋಗಿ, ಈಗಾಗಲೇ ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ ಜೇಬಿನಲ್ಲಿರಲಿ.